ಜೋಡಿ ನೀರಣುವಿನ ರೋಹಿತ: ಲೆಕ್ಕ ಬೆಳೆದ ಬಗೆ

ಸೊಲ್ಲಾಪುರ, ಅಕ್ಕಲಕೋಟ ಮಳೆನೆರಳಿನ ಸೀಮೆ. 2018 ಮತ್ತು 2019ರ ಮಳೆಗಾಲದಲ್ಲಿ ಪುಣೆಯ ಹವಾಮಾನ ಸಂಸ್ಥೆ ಐಐಟಿಎಂನ ವಿಜ್ಞಾನಿಗಳು ಸೊಲ್ಲಾಪುರದ ಸುತ್ತ ಮೋಡಬಿತ್ತನೆಯ ಪ್ರಯೋಗ ನಡೆಸಿದಾಗ ಎಲ್ಲರ ಕಣ್ಣು ಹನಿಯ ಮೇಲಿತ್ತು. ಹನಿಗಿಂತ ಎಷ್ಟೋ ಚಿಕ್ಕದೊಂದು ಅದೇ ಗಾಳಿಯಲ್ಲಿದೆ: ಎರಡೇ ನೀರಣುಗಳ ಜೋಡಿ. ಹನಿ ಕಟ್ಟುವುದು ಧೂಳು, ಉಪ್ಪಿನ ಕಣಗಳ ಮೇಲೆ. ಮಳೆಗೂ ಈ ಜೋಡಿಗೂ ನೇರ ನಂಟಿಲ್ಲ. ಆದರೆ ನೆಲದಿಂದ ಏಳುವ ಶಾಖವನ್ನು, ಅಂದರೆ ಅವಕೆಂಪು ಬೆಳಕನ್ನು, ಹೀರುವುದರಲ್ಲಿ ಅದಕ್ಕೂ ಪಾಲಿದೆ. ತೇವ ತುಂಬಿದ ಗಾಳಿಯಲ್ಲಿ ಸಾವಿರ ನೀರಣುಗಳಿಗೆ ಒಂದರಷ್ಟು ಜೋಡಿ ಸಿಕ್ಕೀತು. ಉಷ್ಣತೆ ಅಷ್ಟೇ ಇದ್ದು ಆವಿ ಇಮ್ಮಡಿಯಾದರೆ ಜೋಡಿಗಳು ನಾಲ್ಮಡಿ.

1957ರಲ್ಲಿ ವಾನ್ ಟೀಲ್, ಬೆಕರ್, ಪಿಮೆಂಟೆಲ್ ಗಟ್ಟಿ ನೈಟ್ರೋಜನ್ನಿನಲ್ಲಿ ನೀರಣುಗಳನ್ನು ಸೆರೆಹಿಡಿದು ಜೋಡಿಯ ಅವಕೆಂಪು ಗುರುತನ್ನು ಕಂಡರು. ನಮ್ಮ ಸಿ.ಎನ್.ಆರ್. ರಾವ್ ಅವಕೆಂಪು ರೋಹಿತದ ಪುಸ್ತಕ ತಂದದ್ದು 1963ರಲ್ಲಿ, 1970ರಲ್ಲಿ ಎ.ಎಸ್.ಎನ್. ಮೂರ್ತಿಯವರ ಜೊತೆ, ಜೋಡಿಯನ್ನು ಹಿಡಿದಿಡುವ ಹೈಡ್ರೋಜನ್ ಬಂಧದ ಸೈದ್ಧಾಂತಿಕ ಕೆಲಸಗಳ ಸಮೀಕ್ಷೆ ಬರೆದರು. ಅದೇ ವರ್ಷ ಬಾಯ್ಸ್ ಮತ್ತು ಬರ್ನಾರ್ಡಿ ಇಂಥ ಬಂಧದ ಕ್ವಾಂಟಮ್ ಲೆಕ್ಕದಲ್ಲಿದ್ದ ಒಂದು ಮೋಸವನ್ನು ತಿದ್ದುವ ದಾರಿ ತೋರಿದರು: ಒಂದು ಅಣು ಪಕ್ಕದ್ದರ ಗಣಿತವನ್ನು ಎರವಲು ಪಡೆದು ಬಂಧವನ್ನು ಇದ್ದುದಕ್ಕಿಂತ ಬಿಗಿಯಾಗಿ ತೋರಿಸುತ್ತಿತ್ತು.

ಬಂಧದ ಬಲ ಸರಿಹೋದರೂ ರೋಹಿತ ಸರಿಹೋಗಲಿಲ್ಲ. ಒಂಟಿ ನೀರಣುವಿನ ಒಂದು ಹಿಗ್ಗು-ಕುಗ್ಗು ಕಂಪನ ಸೆಂಟಿಮೀಟರಿಗೆ 3657 ಅಲೆ. ಅಣುವಿನೊಳಗಿನ ಬಂಧವನ್ನು ಆದರ್ಶ ಸ್ಪ್ರಿಂಗು ಎಂದುಕೊಂಡರೆ ಲೆಕ್ಕ ಕೊಡುವುದು 3830ರ ಆಸುಪಾಸು. 0.96ರಂಥ ಅಂಕಿಯಿಂದ ಗುಣಿಸಿ ಎಲ್ಲರೂ ಕೈತೊಳೆದುಕೊಂಡರು. ನನ್ನ ಪ್ರಕಾರ ಈ ಕ್ಷೇತ್ರವನ್ನು ಬಹುಕಾಲ ಹಿಂದೆಳೆದದ್ದು ಈ ಗುಣಾಕಾರವೇ. ಗಟ್ಟಿ ಬಂಧಕ್ಕೆ ಹೊಂದುವ ಅಂಕಿ ಜೋಡಿಯ ಮೆತ್ತನೆಯ ತೂಗಾಟಕ್ಕೆ ಹೊಂದುವುದಿಲ್ಲ.

ಜೋಡಿಯ ಆಟ ನೋಡಿ. ಹೈಡ್ರೋಜನ್ ಕೊಡುವುದು ಎರಡರಲ್ಲಿ ಯಾವ ಅಣು, ಅದರ ಯಾವ ಹೈಡ್ರೋಜನ್, ಪಡೆಯುವ ಅಣುವಿನ ಹೈಡ್ರೋಜನ್‌ಗಳು ಯಾವ ಮಗ್ಗುಲಿಗೆ? ಎರಡೆರಡು ಆಯ್ಕೆಗಳಂತೆ ಒಟ್ಟು ಎಂಟು ಸಮಾನ ನಿಲುವುಗಳು. ಜೋಡಿ ಒಂದರಲ್ಲಿ ಕೂರದೆ ಎಂಟರ ನಡುವೆ ಸುರಂಗ ಹೊಕ್ಕಂತೆ ದಾಟುತ್ತಿರುತ್ತದೆ. 1977ರಲ್ಲಿ ಡೈಕ್, ಮ್ಯಾಕ್, ಮ್ಯುಂಟರ್ ಮೈಕ್ರೋವೇವ್ ರೋಹಿತದಿಂದ ಅದರ ರಚನೆಯನ್ನು ಬಿಡಿಸಿದರು. ಎರಡು ಆಕ್ಸಿಜನ್‌ಗಳ ನಡುವಿನ ಅಂತರ ಸುಮಾರು 2.98 ಆಂಗ್‌ಸ್ಟ್ರಾಮ್. ಗರ್ಬರ್ ಗುಂಪು 1999ರಲ್ಲಿ, ಬರೋನೆ 2005ರಲ್ಲಿ ಸ್ಪ್ರಿಂಗಿನ ಊಹೆಯನ್ನು ಮೀರುವ ಲೆಕ್ಕವನ್ನು ಸಾಮಾನ್ಯ ರಸಾಯನ ತಜ್ಞರ ಕೈಗೆಟುಕಿಸಿದರು. ಆದರೂ ಅವು ಹೊರಡುವುದು ಒಂದೇ ನಿಲುವಿನಿಂದ. ಎಂಟನ್ನೂ ಒಳಗೊಂಡ ಪೂರ್ಣ ಶಕ್ತಿ-ಮೇಲ್ಮೈಯನ್ನು ಬೋಮನ್ ಗುಂಪು ಕಟ್ಟಿ, ಜೋಡಿ ಒಡೆಯಲು ಬೇಕಾದ ಶಕ್ತಿ ಸೆಂಟಿಮೀಟರಿಗೆ 1103 ಅಲೆ ಎಂದು ಮೊದಲೇ ಹೇಳಿತು. 2011ರಲ್ಲಿ ರೈಸ್ಲರ್ ಗುಂಪು ಅಳೆದಾಗ ಬಂದದ್ದು 1105, ಹತ್ತರಷ್ಟು ಆಚೀಚೆ.

ಅದೇ 2011ರಲ್ಲಿ ಐಐಎಸ್‌ಸಿಯ ಇ. ಅರುಣನ್ ನೇತೃತ್ವದ ತಂಡ ಹೈಡ್ರೋಜನ್ ಬಂಧಕ್ಕೆ ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಒಕ್ಕೂಟ ಐಯುಪಿಎಸಿಯ ಹೊಸ ವ್ಯಾಖ್ಯೆ ಕೊಟ್ಟಿತು. ಅವಕೆಂಪು ರೋಹಿತದ ಸರಿತಕ್ಕೆ ಅಲ್ಲಿ ಸಾಕ್ಷಿಯ ಸ್ಥಾನ. ಜೋಡಿಗಿಂತ ದೊಡ್ಡದರ ಲೆಕ್ಕಕ್ಕೂ ದಾರಿಯಿದೆ: ಪುಣೆಯಲ್ಲಿ ಶ್ರೀಧರ ಗದ್ರೆ ಬೆಳೆಸಿದ 'ಮಾಲಿಕ್ಯುಲರ್ ಟೈಲರಿಂಗ್' ದೊಡ್ಡ ಅಣುಗುಚ್ಛವನ್ನು ಒಂದರ ಮೇಲೊಂದು ಹಾಯುವ ತುಂಡುಗಳಾಗಿ ಕತ್ತರಿಸಿ, ಪ್ರತಿಯೊಂದನ್ನೂ ಲೆಕ್ಕಹಾಕಿ, ಮತ್ತೆ ಹೊಲಿಯುತ್ತದೆ. ಚಾದರದ ಊರಾದ ಸೊಲ್ಲಾಪುರದವರಿಗೆ ಈ ಹೆಸರು ಒಗ್ಗೀತು.

ಕೋಣೆಯ ಉಷ್ಣತೆಯಲ್ಲಿ ಜೋಡಿಯ ಗೆರೆಗಳನ್ನು ಟ್ರೆಟ್ಯಾಕೋವ್ ಗುಂಪು ಮಿಲಿಮೀಟರ್ ಅಲೆಗಳಲ್ಲಿ ಬಿಡಿಬಿಡಿಯಾಗಿ ಕಂಡದ್ದು 2013ರಲ್ಲಿ. ಅವಕೆಂಪಿನಲ್ಲಿ ಹೀರಿಕೆ ಎಷ್ಟರಮಟ್ಟಿಗೆ ನಿಜವಾದ ಜೋಡಿಯದು, ಎಷ್ಟರಮಟ್ಟಿಗೆ ಬರೀ ಢಿಕ್ಕಿ ಹೊಡೆದು ಸರಿದುಹೋಗುವ ಅಣುಗಳದು ಎಂಬ ತಕರಾರು ಮಾತ್ರ ಮುಗಿದಿಲ್ಲ. ಹವಾಮಾನದ ಲೆಕ್ಕದವರು ಅದಕ್ಕೆ ಕಾಯದೆ ಅಳತೆಗೆ ಹೊಂದಿಸಿದ ಸೂತ್ರವನ್ನೇ ಬಳಸುತ್ತಿದ್ದಾರೆ.