ಹುಟ್ಟಿದ ಗಳಿಗೆಯ ಗುಟ್ಟು

ಒಂದು ಶನಿವಾರ ಬೆಳಿಗ್ಗೆ ಒಲೆಯ ಮೇಲೆ ಹುಳಿ ಕುದಿಯುತ್ತಿದ್ದಾಗ ಫೋನು ಬಂತು. ಗುರುತಿಲ್ಲದ ಹೆಂಗಸಿನ ದನಿ, ಬಹಳ ನಯ. ‘ಮೇಡಂ, ನಿಮ್ಮ ಮಗಳದ್ದು ಬೆಳಗಿನ ಜಾವ ನಾಲ್ಕು ಹತ್ತರ ಜನನ ಅಲ್ಲವೇ? ಮದುವೆಯ ಮನೆಯಲ್ಲಿ ಸ್ವಲ್ಪ ತಡೆ ಕಾಣುತ್ತಿದೆ. ನಮ್ಮಲ್ಲೇ ಒಂದು ಶಾಂತಿ ಮಾಡಿಸಿಬಿಟ್ಟರೆ...’ ಎಂದು ಆಕೆ ಹೇಳುತ್ತಲೇ ಇದ್ದಳು. ಇತ್ತ ಹುಳಿ ಉಕ್ಕಿ ಒಲೆಯೆಲ್ಲ ಹರಿಯಿತು.

ನಾಲ್ಕು ಹತ್ತು ಎಂಬುದು ನನಗೆ, ನಮ್ಮನೆಯವರಿಗೆ, ಮಗಳಿಗೆ ಗೊತ್ತು. ಹೆರಿಗೆ ಮಾಡಿಸಿದ ನರ್ಸಮ್ಮ ಆಗಲೇ ಮರೆತಿರಬೇಕು. ಇವಳಿಗೆ ಹೇಳಿದವರು ಯಾರು? ಒಲೆ ಒರೆಸುತ್ತಿದ್ದಾಗ ನೆನಪಾಯಿತು. ತಿಂಗಳ ಹಿಂದೆ ಮೊಬೈಲಿನಲ್ಲಿ ಯಾವುದೋ ಜ್ಯೋತಿಷ್ಯದ ಆ್ಯಪ್ ಹಾಕಿಕೊಂಡು ಮಗಳ ಹೆಸರು, ಹುಟ್ಟಿದ ದಿನ, ಗಳಿಗೆ, ಊರು ಎಲ್ಲವನ್ನೂ ತುಂಬಿದ್ದೆ. ಅದು ನಾನಿರುವ ಜಾಗ ಕೇಳಿತು, ಫೋನಿನಲ್ಲಿದ್ದ ನಂಬರುಗಳನ್ನೆಲ್ಲ ಕೇಳಿತು. ಮದುವೆಮನೆಯಲ್ಲಿ ಬಡಿಸುವವರು ಕೇಳಿದ್ದಕ್ಕೆಲ್ಲ ತಲೆಯಾಡಿಸಿದ ಹಾಗೆ ಎಲ್ಲಕ್ಕೂ ‘ಒಪ್ಪಿದೆ’ ಎಂದು ಒತ್ತಿದ್ದೆ.

ರಾತ್ರಿ ಬೆಂಗಳೂರಿನಲ್ಲಿರುವ ಮಗಳಿಗೆ ಹೇಳಿದೆ. ನಗುತ್ತಾಳೆ ಎಂದುಕೊಂಡಿದ್ದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಮ್ಮ, ಅದು ನನ್ನ ಹುಟ್ಟು. ನನ್ನನ್ನು ಒಂದು ಮಾತು ಕೇಳದೆ ಹೇಗೆ ಕೊಟ್ಟೆ?’ ಎಂದಳು. ಉತ್ತರ ಕೊಡಲು ನನ್ನ ಬಳಿ ಏನೂ ಇರಲಿಲ್ಲ.

ಮರುದಿನ ಭಾನುವಾರ ಸಿಮ್ಮನ್ನು ಹಳೆಯ ಬಟನ್ ಫೋನಿಗೆ ಹಾಕಿ, ದೊಡ್ಡ ಮೊಬೈಲನ್ನು ಬೀರುವಿನಲ್ಲಿ ರೇಷ್ಮೆ ಸೀರೆಗಳ ನಡುವೆ ಮಲಗಿಸಿದೆ. ಒಂದು ವಾರ ಅದಿಲ್ಲದೆ ಇದ್ದು ನೋಡುವುದೆಂದು ತೀರ್ಮಾನ. ತಿಥಿ ನೋಡಲು ಪೇಟೆಯಿಂದ ಕಾಗದದ ಪಂಚಾಂಗ ತಂದೆ. ‘ಇವತ್ತು ರಜ, ತಿಂಡಿಗೆ ಏನಾದರೂ ವಿಶೇಷ?’ ಎಂದರು ನಮ್ಮನೆಯವರು. ಗಂಡಸರ ರಜ ಹೆಂಗಸರಿಗೆ ಎರಡು ಪಟ್ಟು ಕೆಲಸವೆಂಬುದು ನಿಮಗೆ ಹೊಸದಲ್ಲ. ಆ ರಜವಾದರೂ ಆಕಾಶದಿಂದ ಇಳಿದದ್ದಲ್ಲ. ಮುಂಬಯಿಯ ಗಿರಣಿ ಕೆಲಸಗಾರರಿಗೆ ಭಾನುವಾರದ ಬಿಡುವು ಸಿಕ್ಕಿದ್ದು 1890ರಲ್ಲಿ, ನಾರಾಯಣ ಮೇಘಾಜಿ ಲೋಖಂಡೆಯವರು ವರ್ಷಗಟ್ಟಲೆ ಹೋರಾಡಿದ ಮೇಲೆ. ವಾರದ ಒಂದು ದಿನಕ್ಕೆ ಹೀಗೊಂದು ಚರಿತ್ರೆಯಿದ್ದರೆ ವಾರಕ್ಕೇ ಒಂದು ಇರಬೇಕಲ್ಲ ಎನ್ನಿಸಿತು. ಮೊಬೈಲಿದ್ದರೆ ಅದನ್ನೇ ಕೇಳುತ್ತಿದ್ದೆ. ಈಗ ಓದಬೇಕಾಯಿತು.

ಸೋಮವಾರ ಗ್ರಂಥಾಲಯಕ್ಕೆ ರಜ. ಹಾಗಾಗಿ ಪಂಚಾಂಗವನ್ನೇ ಕಾದಂಬರಿಯಂತೆ ಮೊದಲ ಪುಟದಿಂದ ಓದಿದೆ. ತಿಥಿ, ವಾರ, ನಕ್ಷತ್ರ, ಯೋಗ, ಕರಣ ಇವು ಐದು ಅಂಗಗಳು. ಐದರಲ್ಲಿ ನಾವು ದಿನವೂ ಬಾಯಲ್ಲಾಡುವುದು ವಾರವೊಂದನ್ನೇ. ಮಂಗಳವಾರ ಉಗುರು ತೆಗೆಯಬಾರದು, ಶುಕ್ರವಾರ ದುಡ್ಡು ಕೊಡಬಾರದು, ಶನಿವಾರ ಎಣ್ಣೆ ನೀರು. ಇದೇ ಬಹಳ ಹಳೆಯದು ಎಂದು ನಾನು ತಿಳಿದಿದ್ದೆ.

ಮಂಗಳವಾರ ಗ್ರಂಥಾಲಯಕ್ಕೆ ಹೋದೆ. ಮನೆ ತೆರಿಗೆಯ ಜೊತೆ ರೂಪಾಯಿಗೆ ಆರು ಪೈಸೆಯಂತೆ ನಾವೆಲ್ಲ ಗ್ರಂಥಾಲಯದ ಕರ ಕಟ್ಟುತ್ತೇವೆ. 1965ರ ಕಾಯಿದೆಯ ಫಲ ಅದು. ಕಟ್ಟಿಯೂ ಒಳಗೆ ಕಾಲಿಡದೆ ಎಷ್ಟು ವರ್ಷವಾಗಿತ್ತೋ! ಇತಿಹಾಸದ ಕಪಾಟಿನ ಪುಸ್ತಕಗಳನ್ನು ತೆಗೆದು ಕುಳಿತವಳಿಗೆ ಆಶ್ಚರ್ಯ ಕಾದಿತ್ತು. ಐದು ಅಂಗಗಳಲ್ಲಿ ಕೊನೆಗೆ ಬಂದು ಸೇರಿದವುಗಳ ಪೈಕಿ ನಮ್ಮ ಈ ವಾರವೂ ಒಂದು! ಅಶೋಕ ಚಕ್ರವರ್ತಿ ಇಂತಿಂಥ ದಿನ ಮೀನು ಹಿಡಿಯಬಾರದು ಎಂದು ಕಂಬದ ಮೇಲೆ ಕೆತ್ತಿಸುವಾಗ ಹೇಳಿದ್ದು ಹುಣ್ಣಿಮೆ, ಚತುರ್ದಶಿ, ಪಾಡ್ಯ, ಪುಷ್ಯ ನಕ್ಷತ್ರಗಳನ್ನು. ಸೋಮವಾರ, ಶನಿವಾರಗಳ ಸುದ್ದಿಯೇ ಇಲ್ಲ. ತಿಥಿ ನಕ್ಷತ್ರಗಳನ್ನು ಆಕಾಶ ನೋಡಿ ಹೇಳಬಹುದು. ವಾರವನ್ನು ಯಾವ ಆಕಾಶವೂ ಹೇಳುವುದಿಲ್ಲ. ಅದು ಮನುಷ್ಯರು ಎಣಿಸಿದ ಲೆಕ್ಕ.

ಆ ಲೆಕ್ಕವೇನೆಂದು ಬುಧವಾರ ತಿಳಿಯಿತು. ನೀವೂ ಬೆರಳು ಮಡಿಸಿ ನೋಡಿ. ನಿಧಾನವಾಗಿ ಚಲಿಸುವ ಗ್ರಹದಿಂದ ವೇಗದ್ದಕ್ಕೆ ಹಿಂದಿನವರು ಕೊಟ್ಟ ಸಾಲು ಹೀಗಿದೆ: ಶನಿ, ಗುರು, ಕುಜ, ರವಿ, ಶುಕ್ರ, ಬುಧ, ಚಂದ್ರ. ದಿನದ ಇಪ್ಪತ್ನಾಲ್ಕು ಹೋರೆಗಳಿಗೆ, ಅಂದರೆ ಗಂಟೆಗಳಿಗೆ, ಇವರು ಸರದಿಯ ಮೇಲೆ ಯಜಮಾನರು. ಮೊದಲ ಗಂಟೆ ಶನಿಯದಾದರೆ ಇಪ್ಪತ್ತೆರಡನೆಯದು ಮತ್ತೆ ಶನಿಯದೇ. ಇಪ್ಪತ್ಮೂರು ಗುರು, ಇಪ್ಪತ್ನಾಲ್ಕು ಕುಜ. ಮಾರನೆಯ ದಿನದ ಮೊದಲ ಗಂಟೆ ರವಿಯ ಪಾಲು. ಆದ್ದರಿಂದ ಶನಿವಾರವಾದ ಮೇಲೆ ಭಾನುವಾರ. ರವಿಯಿಂದ ನಾಲ್ಕನೆಯವನು ಚಂದ್ರ, ಅದಕ್ಕೇ ಸೋಮವಾರ. ಈ ನಾಲ್ಕನೆಯವನ ಸೂತ್ರವನ್ನು ಆರ್ಯಭಟ ತನ್ನ ‘ಆರ್ಯಭಟೀಯ’ದಲ್ಲಿ ಹೇಳಿದ್ದಾನೆ. 499ರ ಹೊತ್ತಿನ ಮಾತು.

ಹೋರಾ ಎಂಬ ಶಬ್ದ ಗ್ರೀಕರದು. ಇಂಗ್ಲಿಷಿನ ಅವರ್ ಕೂಡ ಅದೇ ಬೇರಿನ ಚಿಗುರು. ಜಾತಕದಲ್ಲಿ ನಾವು ಹೇಳುವ ಕೇಂದ್ರವೂ ಅಲ್ಲಿಂದಲೇ ಬಂದದ್ದು. ಆರನೆಯ ಶತಮಾನದ ವರಾಹಮಿಹಿರ ಹೋರೆಯನ್ನು ಅಹೋರಾತ್ರದ ತಲೆ ಬಾಲ ಕತ್ತರಿಸಿದ ಮಾತೆಂದು ಬಿಡಿಸುತ್ತಾನೆ. ಆದರೆ ಯವನರು ಈ ಶಾಸ್ತ್ರ ಬಲ್ಲವರು, ಋಷಿಗಳಂತೆ ಪೂಜ್ಯರು ಎಂದು ಮನಸ್ಸು ಬಿಚ್ಚಿ ಒಪ್ಪುತ್ತಾನೆ. ಸಾಲ ತಂದ ಪಾತ್ರೆಯನ್ನು ತಮ್ಮದೇ ಎಂದು ಹಟ ಹಿಡಿಯದ ದೊಡ್ಡತನ ಇದು. ಸಾಲ ತಂದರೂ ನಮ್ಮವರು ಅದಕ್ಕೆ ತಮ್ಮದೊಂದು ಕಟ್ಟು ಹಾಕಿದರು. ನಮ್ಮ ವಾರ ಸೂರ್ಯೋದಯಕ್ಕೆ ಹುಟ್ಟುತ್ತದೆ, ಮಧ್ಯರಾತ್ರಿಗಲ್ಲ. ಬೆಳಗಿನ ಜಾವ ನಾಲ್ಕು ಹತ್ತಕ್ಕೆ ಹುಟ್ಟಿದ ನನ್ನ ಮಗಳು ಆಸ್ಪತ್ರೆಯ ಕಾಗದದಲ್ಲಿ ಬುಧವಾರದವಳು, ಪಂಚಾಂಗದಲ್ಲಿ ಮಂಗಳವಾರದವಳು. ಒಂದು ಹುಟ್ಟಿಗೆ ಎರಡು ವಾರ!

ಗುರುವಾರ ಸಿಕ್ಕಿದ ಸಂಗತಿ ಕಂಡು ಕುಳಿತಲ್ಲೇ ನಕ್ಕೆ. ವಾರದ ಹೆಸರಿರುವ ನಮ್ಮ ದೇಶದ ತೇದಿಯುಳ್ಳ ಶಾಸನಗಳಲ್ಲಿ ಬಹಳ ಹಳೆಯದೆಂದು ವಿದ್ವಾಂಸರು ತೋರಿಸುವುದು ಗುಪ್ತರ ಬುಧಗುಪ್ತನ ಕಾಲದ ಏರಣದ ಕಂಬವನ್ನು. ಆಷಾಢ ಶುದ್ಧ ದ್ವಾದಶಿ, ದೇವಗುರುವಿನ ದಿನ, ಅಂದರೆ ಗುರುವಾರ. ಕ್ರಿಸ್ತಶಕ 484ರ ಜೂನ್ 21. ಏರಣ ಇರುವುದು ಸಾಗರ ಜಿಲ್ಲೆಯಲ್ಲಿ. ನನ್ನ ಸಾಗರವಲ್ಲ, ಮಧ್ಯಪ್ರದೇಶದ್ದು. ಆದರೂ ಹೆಸರು ಕಂಡು ನೆಂಟರ ಮನೆಯ ಸುದ್ದಿ ಕೇಳಿದಂತಾಯಿತು.

ಆ ಸಂಜೆ ಅಟ್ಟದಿಂದ ಅಮ್ಮನ ಟ್ರಂಕನ್ನು ಇಳಿಸಿದೆ. ತಳದಲ್ಲಿ ಹಳದಿಯಾದ ನನ್ನ ಜಾತಕ. ನಾನು ಹುಟ್ಟಿದ್ದು ಹಳ್ಳಿಯ ಮನೆಯಲ್ಲಿ, ಮಳೆಗಾಲದ ರಾತ್ರಿ. ಮನೆಯಲ್ಲಿದ್ದ ಒಂದೇ ಗಡಿಯಾರ ನಿಂತುಹೋಗಿತ್ತಂತೆ. ‘ಎರಡನೆಯ ಕೋಳಿ ಕೂಗಿದ ಹೊತ್ತು’ ಎಂದು ಅಜ್ಜಿ ಹೇಳಿದ್ದನ್ನು ಜೋಯಿಸರು ಗಳಿಗೆ ವಿಗಳಿಗೆ ಸಮೇತ ಬರೆದಿದ್ದಾರೆ. ಗಳಿಗೆಯೆಂದರೆ ಇಪ್ಪತ್ನಾಲ್ಕು ನಿಮಿಷ. ತಳದಲ್ಲಿ ತೂತಿರುವ ಗಳಿಗೆ ಬಟ್ಟಲು ನೀರಿನಲ್ಲಿ ಮುಳುಗುವಷ್ಟು ಹೊತ್ತು. ವಿಗಳಿಗೆ ಅದರ ಅರವತ್ತನೆಯ ಒಂದು ಪಾಲು. ಕೋಳಿ ಅಷ್ಟು ನಿಖರವಾಗಿ ಕೂಗುತ್ತದೆಯೇ? ಅರ್ಧ ಗಂಟೆ ಆಚೀಚೆಯಾಗಿದ್ದರೂ ನಾನು ಜ್ಯೇಷ್ಠಾ ನಕ್ಷತ್ರದವಳು. ಬರೆದ ಲೆಕ್ಕದಲ್ಲಿ ಮೂಲಾ.

ಮೂಲಾ ನಕ್ಷತ್ರದ ಹೆಣ್ಣು ಮಾವನಿಗೆ ಆಗುವುದಿಲ್ಲ ಎಂಬ ಮಾತನ್ನು ನೀವು ಕೇಳಿರುತ್ತೀರಿ. ನನ್ನನ್ನು ಒಪ್ಪಿ ಹೋದ ಒಂದು ಮನೆಯವರು ಅದೇ ಮಾತಿಗೆ ಹಿಂದೆ ಸರಿದರು. ಸುದ್ದಿ ಊರೆಲ್ಲ ಹರಡಿತು. ಜಾತಕ ನಾಲ್ಕು ಕೈ ದಾಟಿತ್ತಲ್ಲ. ನಾನು ಆ ವರ್ಷ ದೇವಸ್ಥಾನಕ್ಕೂ ಹೋಗಲಿಲ್ಲ. ಅಮ್ಮ ಜಾತಕವನ್ನು ವಾಪಸು ತರಿಸಿ ಟ್ರಂಕಿನ ತಳಕ್ಕೆ ಹಾಕಿ, ‘ಇನ್ನು ಇದನ್ನು ಯಾರ ಕೈಗೂ ಕೊಡೆ’ ಎಂದಳು. ಆಮೇಲೆ ಜಾತಕ ಕೇಳದ ಮನೆಗೆ ಬಂದೆ. ನಮ್ಮ ಮಾವ ಎಂಬತ್ತೆಂಟು ವರ್ಷ ಬದುಕಿ, ಕೊನೆಯ ದಿನದವರೆಗೂ ನನ್ನ ಕೈಯ ಕಾಫಿಯನ್ನೇ ಬೇಕೆಂದರು.

ವಯಸ್ಸು, ಹಣ, ಮನೆಯ ಹುಳುಕು ಇವನ್ನು ಹೊರಗೆ ಆಡಬಾರದೆಂದು ಹಿರಿಯರು ಹೇಳುತ್ತಿದ್ದರು. ಜಾತಕದಲ್ಲಿ ಇವೆಲ್ಲ ಇವೆ. ಅದಕ್ಕೇ ಅದು ಟ್ರಂಕಿನ ತಳದ ಕಾಗದ. ಓದು ಹೆಚ್ಚು ಬಾರದ ಅಮ್ಮನಿಗೆ ತಿಳಿದಿದ್ದು ಡಿಗ್ರಿ ಮಾಡಿದ ನನಗೆ ಮರೆತೇಹೋಗಿತ್ತು. ನನ್ನ ಹುಟ್ಟು ನಾಲ್ಕು ಕೈ ದಾಟಿದ್ದಕ್ಕೆ ಅತ್ತವಳು, ಮಗಳ ಹುಟ್ಟನ್ನು ಎಷ್ಟು ಕೈ ದಾಟುತ್ತದೆಂದು ಲೆಕ್ಕವೂ ಸಿಗದ ಕಡೆಗೆ ಕೊಟ್ಟುಬಿಟ್ಟಿದ್ದೆ.

ಶುಕ್ರವಾರ ಪಕ್ಕದ ಮನೆಯ ಶಾರದಕ್ಕ ಬಂದರು. ಮೊಮ್ಮಗುವನ್ನು ಆಸ್ಪತ್ರೆಗೆ ಕರೆದೊಯ್ಯಬೇಕು, ‘ಹತ್ತೂವರೆಗೆ ರಾಹುಕಾಲ ಹುಟ್ಟುತ್ತದಲ್ಲ’ ಎಂಬ ಆತಂಕ. ಹಗಲನ್ನು ಎಂಟು ಪಾಲು ಮಾಡಿದರೆ ಶುಕ್ರವಾರದ ನಾಲ್ಕನೆಯ ಪಾಲು ರಾಹುವಿನದು. ಹತ್ತೂವರೆ ಎನ್ನುವುದು ಆರು ಗಂಟೆಗೆ ಸೂರ್ಯ ಹುಟ್ಟಿದರೆ ಮಾತ್ರ. ಇಡೀ ದೇಶಕ್ಕೆ ಒಂದೇ ಗಡಿಯಾರವೆಂದು ಸರ್ಕಾರ 1906ರ ಜನವರಿ 1ರಿಂದ ನಿಗದಿ ಮಾಡಿದ್ದು ಎಂಬತ್ತೆರಡೂವರೆ ಡಿಗ್ರಿ ರೇಖಾಂಶದ ಹೊತ್ತನ್ನು. ನಮ್ಮ ಸಾಗರ ಇರುವುದು ಎಪ್ಪತ್ತೈದರಲ್ಲಿ. ಡಿಗ್ರಿಗೆ ನಾಲ್ಕು ನಿಮಿಷದಂತೆ ನಮ್ಮ ಸೂರ್ಯ ಗಡಿಯಾರಕ್ಕಿಂತ ಅರ್ಧ ಗಂಟೆ ಹಿಂದೆ. ‘ಹಗಲಿರುಳು ಸಮವಾದ ದಿನ ಲೆಕ್ಕ ಹಾಕಿದರೂ ನಮ್ಮೂರಲ್ಲಿ ರಾಹು ಬರುವುದು ಹನ್ನೊಂದಕ್ಕೆ, ಶಾರದಕ್ಕ’ ಎಂದೆ. ‘ಹಾಗಾದರೆ ಇಷ್ಟು ವರ್ಷ ನಾನು ಯಾವ ಊರಿನ ರಾಹುವಿಗೆ ಹೆದರುತ್ತಿದ್ದೆ?’ ಎಂದು ಅವರು ಬಿದ್ದುಬಿದ್ದು ನಕ್ಕು, ಕೂಡಲೇ ಮಗುವನ್ನೆತ್ತಿಕೊಂಡು ಹೊರಟರು.

ಶಾರದಕ್ಕನಿಗೆ ನಾನು ಪಾಠ ಹೇಳಿದೆನೆಂದು ಜಂಬಪಡುವಂತಿಲ್ಲ. ವಾರಪತ್ರಿಕೆ ಬಂದ ಕೂಡಲೇ ಧಾರಾವಾಹಿಗಿಂತ ಮೊದಲು ವಾರಭವಿಷ್ಯ ತೆರೆಯುವವಳು ನಾನೂ. ಪತ್ರಿಕೆಯ ಭವಿಷ್ಯಕ್ಕಿನ್ನೂ ನೂರು ವರ್ಷ ತುಂಬಿಲ್ಲವೆಂಬುದು ಈ ವಾರ ತಿಳಿಯಿತು. 1930ರ ಆಗಸ್ಟ್‌ನಲ್ಲಿ ಸ್ಕಾಟ್ಲೆಂಡಿನಲ್ಲಿ ರಾಜಕುಮಾರಿ ಮಾರ್ಗರೆಟ್ ಹುಟ್ಟಿದಾಗ ‘ಸಂಡೆ ಎಕ್ಸ್‌ಪ್ರೆಸ್’ ಪತ್ರಿಕೆ ನೇಲರ್ ಎಂಬಾತನಿಂದ ಕೂಸಿನ ಭವಿಷ್ಯ ಬರೆಸಿತು. ಓದುಗರು ಇನ್ನೂ ಬೇಕೆಂದರು. ಪತ್ರಿಕೆಗಳಲ್ಲಿ ಇಂಥ ಅಂಕಣಗಳು ಬೆಳೆದದ್ದು ಹಾಗೆ. ಆದರೆ ವಾರಭವಿಷ್ಯ ನನ್ನನ್ನು ಏನೂ ಕೇಳುತ್ತಿರಲಿಲ್ಲ. ಮೇಷವೋ ವೃಷಭವೋ ನನಗೆ ನಾನೇ ಓದಿಕೊಂಡು ಮಡಿಸಿಟ್ಟರೆ ಮುಗಿಯಿತು. ಆ್ಯಪ್ ಹಾಗಲ್ಲ. ನಾನು ಅದನ್ನು ಓದುವ ಮೊದಲೇ ಅದು ನನ್ನನ್ನು ಓದಿ ಮುಗಿಸಿರುತ್ತದೆ.

ಶನಿವಾರ. ಹಳೆಯ ಕನ್ನಡ ಶಾಸನಗಳಲ್ಲಿ ಇದಕ್ಕೆ ವಡ್ಡವಾರ ಎಂಬ ಹೆಸರಿತ್ತು. ಹೆಸರು ಹೋಯಿತು, ದಿನ ಉಳಿಯಿತು. ಅಂದು ಮಗಳು ಬಂದಳು. ಎಣ್ಣೆ ಹಚ್ಚುತ್ತ ವಾರದ ಕಥೆಯನ್ನೆಲ್ಲ ಹೇಳಿದೆ. ‘ನಿನಗೆ ಇನ್ನೊಂದು ಗುರುವಾರ ಹೇಳುತ್ತೇನೆ ಕೇಳು’ ಎಂದಳು ಅವಳು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆಗ ಅವರಿಗೆ ಎಂಬತ್ತಾರು ವರ್ಷ. 2017ರ ಆಗಸ್ಟ್ 24, ಗುರುವಾರ, ಒಂಬತ್ತು ನ್ಯಾಯಾಧೀಶರು ಒಂದೇ ದನಿಯಲ್ಲಿ ಖಾಸಗಿತನ ಪ್ರತಿಯೊಬ್ಬರ ಮೂಲಭೂತ ಹಕ್ಕು ಎಂದರು. 2023ರಲ್ಲಿ ಸಂಸತ್ತು ಒಪ್ಪಿದ ದತ್ತಾಂಶ ರಕ್ಷಣೆಯ ಕಾಯಿದೆಯಲ್ಲಿ, ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯುವ, ತನ್ನ ವಿವರಗಳನ್ನು ಅಳಿಸಿರೆಂದು ಕೇಳುವ ಹಕ್ಕನ್ನೂ ಬರೆದಿದ್ದಾರೆ.

ಸ್ನಾನವಾದ ಮೇಲೆ ಬೀರುವಿನಿಂದ ಮೊಬೈಲು ತೆಗೆದೆವು. ಮಗಳು ತೋರಿಸಿದಳು, ನಾನೇ ಒತ್ತಿದೆ. ಮೊದಲು ಖಾತೆಯನ್ನು ಅಳಿಸುವಂತೆ ಕೇಳಿ, ಆಮೇಲೆ ಆ್ಯಪ್ ತೆಗೆಯಬೇಕಂತೆ. ಬರೀ ಆ್ಯಪ್ ತೆಗೆದರೆ ಬಾಗಿಲು ಹಾಕಿ ಕೀಲಿಯನ್ನು ಪರರ ಕೈಯಲ್ಲೇ ಬಿಟ್ಟ ಹಾಗೆ. ಉಳಿದವುಗಳಿಗೆ ಜಾಗದ ಗುರುತು, ನಂಬರುಗಳ ಪಟ್ಟಿ ಸಿಗದಂತೆ ಒಂದೊಂದಾಗಿ ನಿಲ್ಲಿಸಿದೆವು. ಹಲವು ಕಡೆ ಒತ್ತಬೇಕಾಯಿತು. ‘ಒಪ್ಪಿದೆ’ ಎನ್ನುವುದಕ್ಕೆ ಒಂದೇ ಗುಂಡಿ ಇತ್ತು.

‘ಆಗಲೇ ಹೋದದ್ದು?’ ಎಂದು ಕೇಳಿದೆ.

‘ಹೋದದ್ದು ಪೂರ್ತಿ ಬರುತ್ತದೆಂದು ಹೇಳಲಾರೆ ಅಮ್ಮ. ಇನ್ನು ಮುಂದೆ ಕೇಳಿ ಕೊಡು’ ಎಂದಳು.

ಮೊಬೈಲು ಈಗಲೂ ಇದೆ, ಮಗಳ ಮುಖ ನೋಡಲು ಬೇಕೇ ಬೇಕು. ತಿಥಿಗೆ ಮಾತ್ರ ಗೋಡೆಯ ಪಂಚಾಂಗ. ನನ್ನ ಜಾತಕವನ್ನು ಟ್ರಂಕಿಗೆ ಹಿಂದಿರುಗಿಸಿದೆ. ಮಗಳದ್ದನ್ನು ಲಕೋಟೆಯಲ್ಲಿಟ್ಟು ಅವಳ ಕೈಗೇ ಕೊಟ್ಟೆ. ತೋರಿಸುವುದೂ ಬಿಡುವುದೂ ಅವಳಿಗೆ ಸೇರಿದ್ದು. ಬಸ್ಸು ಹತ್ತುವ ಮುಂಚೆ ಅದನ್ನು ಬ್ಯಾಗಿನ ತಳಕ್ಕೆ ಸೇರಿಸಿ ಜಿಪ್ ಎಳೆದುಕೊಂಡಳು. ಅಂದು ನಮ್ಮಮ್ಮ ಟ್ರಂಕಿನ ಬೀಗ ಹಾಕಿದಾಗ ಮಾಡಿದ್ದ ಮುಖವೇ ಅವಳದೂ ಆಗಿತ್ತು.