ಗುಡಿಯ ಸೋಮ, ಲೋಕಮಹಲಿನ ಸೋಮ

ಶಿಂಷೆಯ ಅಣೆಕಟ್ಟಿರುವ ಮಾರ್ಕೋನಹಳ್ಳಿಯ ಸೀಮೆಯವನಾದ ನನಗೆ ಸೋಮನ ಕುಣಿತ ಹೊಸದಲ್ಲ. ಗ್ರಾಮದೇವತೆಯ ಹಬ್ಬದಲ್ಲಿ ಮರದ ಆ ದೊಡ್ಡ ಮುಖವನ್ನು ಹೊತ್ತು ಕುಣಿಯುವವನು ನಮಗೆ ಬರಿಯ ವೇಷಧಾರಿಯಲ್ಲ, ತಾಯಿಯ ಅಂಗರಕ್ಷಕ. ಅದೇ ಸೋಮನನ್ನು ರಾಮನಗರದ ಬಳಿಯ ಜಾನಪದ ಲೋಕದಲ್ಲಿ, ಲೋಕಮಹಲಿನೊಳಗೆ ಕಂಡಾಗ, ದೈವವು ವಸ್ತುವಾಯಿತಲ್ಲ ಎಂಬ ಅಳುಕು ಮೂಡಿತು.

ಆದರೆ ಆ ಸಂಗ್ರಹದ ಇತಿಹಾಸವನ್ನೂ ನೆನೆಯಬೇಕು. ಕುಣಿಗಲ್ಲಿನ ನೆರೆಯ ನಾಗಮಂಗಲ ತಾಲ್ಲೂಕಿನವರಾದ ಎಚ್. ಎಲ್. ನಾಗೇಗೌಡರು (1915–2005) 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿ, ಮುಂದೆ 15 ಎಕರೆ ನೆಲದಲ್ಲಿ ಜಾನಪದ ಲೋಕವನ್ನು ಕಟ್ಟಿದರು. ಯಂತ್ರಗಳು ಬಂದೊಡನೆ ಹಿತ್ತಿಲು ಸೇರಿದ ಒರಳು, ಬೀಸುಕಲ್ಲು, ಕೊಳಗಗಳಿಗೆ ಅಲ್ಲಿ ನೆಲೆ ದೊರೆಯಿತು.

ಇಂಥ ಪ್ರಯತ್ನಗಳು ಹೊರದೇಶಗಳಲ್ಲಿಯೂ ಉಂಟು. 1963ರಲ್ಲಿ ಹವಾಯಿಯ ಲಾಯೆ ಎಂಬ ಊರಿನಲ್ಲಿ ಪಾಲಿನೇಷ್ಯನ್ ಸಂಸ್ಕೃತಿ ಕೇಂದ್ರ ಆರಂಭವಾಯಿತು. ಶಾಂತಸಾಗರದ ದ್ವೀಪಗಳಿಂದ ಬಂದ ವಿದ್ಯಾರ್ಥಿಗಳು ಅಲ್ಲಿ ತಮ್ಮ ಕುಣಿತವನ್ನೂ ಕೈಕಸುಬನ್ನೂ ತಾವೇ ತೋರಿಸಿ, ಓದಿನ ವೆಚ್ಚಕ್ಕೆ ದಾರಿ ಮಾಡಿಕೊಳ್ಳುತ್ತಾರೆ. ನೋಡುವವರು ಪ್ರವಾಸಿಗರಾದರೂ ವಿದ್ಯೆ ಉಳಿಯುವುದು ಆ ತರುಣರ ಮೈಯಲ್ಲಿ.

ನಮಗೂ ಇದು ಪಾಠ. ಸೋಮನ ಮುಖವನ್ನು ಹುಳ ಹಿಡಿಯದಂತೆ ಕಾಪಾಡುವ ಹೊಣೆಯನ್ನು ಸಂಗ್ರಹಾಲಯ ಹೊತ್ತೀತು. ಅದನ್ನು ಹೊತ್ತು ಕುಣಿಯಬಲ್ಲ ಹುಡುಗನನ್ನು ಅಣಿಗೊಳಿಸಬೇಕಾದವರು ಮಾತ್ರ ಊರಿನವರೇ.