ಹಳೆ ಗೇಮ್ ಕನ್ಸೋಲ್, ಹೊಸ ಟಿವಿ: ಯಾವ ಅಪ್‌ಸ್ಕೇಲರ್ ಕೊಂಡರೆ ದುಡ್ಡು ದಂಡವಾಗಲ್ಲ?

ರಜೆಗೆ ಊರಿಗೆ ಹೋದಾಗ ಅಟ್ಟದಿಂದ ಇಳಿಸಿ ತಂದ ಪ್ಲೇಸ್ಟೇಷನ್, ಇಲ್ಲವೇ ಇಲ್ಲಿನ ಹಳೆ ಸಾಮಾನಿನ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಕ್ಕ ಸೆಗಾ. ಆಸೆಯಿಂದ ರೂಮಿನ 4ಕೆ ಟಿವಿಗೆ ಜೋಡಿಸಿದರೆ ಚಿತ್ರವೆಲ್ಲ ಮಸುಕು, ಪಕ್ಕಕ್ಕೆ ಎಳೆದ ಹಾಗೆ ದಪ್ಪ, ಬಟನ್ ಒತ್ತಿದ ಮೇಲೆ ತಡವಾಗಿ ಹಾರುವ ಪಾತ್ರ. ಮಿಷನ್ ಕೆಟ್ಟಿದೆ ಅಂತ ಮೂಲೆಗೆ ಇಡುವವರೇ ಹೆಚ್ಚು. ಆದರೆ ಬಹಳಷ್ಟು ಸಲ ಕೆಟ್ಟಿರುವುದು ಮಿಷನ್ ಅಲ್ಲ. ಹಳೆ ಸಿಗ್ನಲ್ಲನ್ನು ಹೊಸ ಟಿವಿ ತಪ್ಪಾಗಿ ಓದುತ್ತಿದೆ, ಅಷ್ಟೇ.

ಇದನ್ನು ಸರಿಪಡಿಸುವ ಪೆಟ್ಟಿಗೆಗೆ ವಿಡಿಯೋ ಅಪ್‌ಸ್ಕೇಲರ್ ಅಂತ ಹೆಸರು. 50 ದಿರ್ಹಮ್‌ಗಿಂತ ಕಡಿಮೆಗೂ ಸಿಗುತ್ತೆ, 2,500 ದಿರ್ಹಮ್ ದಾಟಿದ್ದೂ ಇದೆ. ದುಬಾರಿಯದ್ದೇ ಒಳ್ಳೆಯದು ಅನ್ನುವ ಲೆಕ್ಕ ಇಲ್ಲಿ ನಡೆಯಲ್ಲ. ಕನ್ಸೋಲ್‌ನಿಂದ ಯಾವ ಸಿಗ್ನಲ್ ಹೊರಗೆ ಬರುತ್ತದೆ ಅನ್ನುವುದರ ಮೇಲೆ ಆಯ್ಕೆ ನಿಂತಿದೆ.

ಹೊಸ ಟಿವಿಯಲ್ಲಿ ತೊಂದರೆ ಯಾಕೆ?

1983ರಲ್ಲಿ ಜಪಾನಿನಲ್ಲಿ ಬಂದ ಫ್ಯಾಮಿಕಾಂನಿಂದ ಹಿಡಿದು 1994ರ ಮೊದಲ ಪ್ಲೇಸ್ಟೇಷನ್ ತನಕ, ಹೆಚ್ಚಿನ ಕನ್ಸೋಲ್‌ಗಳು ಕೊಡುತ್ತಿದ್ದದ್ದು 240ಪಿ ಸಿಗ್ನಲ್. ಅಂದರೆ ಸೆಕೆಂಡಿಗೆ ಸುಮಾರು 60 ಸಲ, ಪ್ರತಿ ಸಲವೂ 240 ಗೆರೆಗಳ ಒಂದು ಪೂರ್ತಿ ಚಿತ್ರ. ಅಂದಿನ ಟಿವಿ ಪ್ರಸಾರ ಬೇರೆ ಥರ ಇತ್ತು. ಒಮ್ಮೆ ಬೆಸ ಗೆರೆಗಳು, ಮತ್ತೊಮ್ಮೆ ಸಮ ಗೆರೆಗಳು ಬಂದು ಎರಡೂ ಸೇರಿ 480 ಗೆರೆ ಆಗುತ್ತಿತ್ತು. ಇದಕ್ಕೆ 480ಐ ಅನ್ನುತ್ತಾರೆ. ಹಳೆ ಪಿಕ್ಚರ್ ಟ್ಯೂಬ್ ಟಿವಿಗೆ ಎರಡೂ ಒಂದೇ. ಬಂದದ್ದನ್ನು ಬಂದ ಹಾಗೆ ತೋರಿಸುತ್ತಿತ್ತು.

ಈಗಿನ ಟಿವಿಗಳಲ್ಲಿ ಹೆಚ್ಚಿನವು 240ಪಿಯನ್ನು 480ಐ ಅಂತ ತಪ್ಪು ತಿಳಿಯುತ್ತವೆ. ಸಂಬಂಧವಿಲ್ಲದ ಎರಡು ಚಿತ್ರಗಳನ್ನು ಒಂದಾಗಿ ಹೆಣೆಯಲು ನೋಡುತ್ತವೆ. ಓಡುವ ಪಾತ್ರದ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆ ಮೂಡುವುದು ಇದರಿಂದಲೇ. ಪೆಟ್ಟು ತಿಂದ ಪಾತ್ರ ಕೆಲ ಹೊತ್ತು ಮಿಣುಕಬೇಕು ತಾನೆ? ಕೆಲವು ಟಿವಿಯಲ್ಲಿ ಅದು ಮಿಣುಕುವ ಬದಲು ಪೂರ್ತಿ ಮಾಯ ಆಗುತ್ತೆ. ಇನ್ನು ಕೆಲವು ಟಿವಿಗಳು 240ಪಿ ಸಿಗ್ನಲ್ಲನ್ನು ಒಪ್ಪುವುದೇ ಇಲ್ಲ, ಪರದೆ ಕಪ್ಪಾಗಿಯೇ ಇರುತ್ತದೆ.

ಈ ಹೆಣೆಯುವ ಕೆಲಸಕ್ಕೆ ಟಿವಿಗೆ ಸಮಯ ಬೇಕು. 60 ಹರ್ಟ್ಸ್‌ನಲ್ಲಿ ಒಂದು ಚಿತ್ರದ ಆಯಸ್ಸು 16.7 ಮಿಲಿಸೆಕೆಂಡ್. ಟಿವಿ ನಾಲ್ಕೈದು ಚಿತ್ರದಷ್ಟು ತಡ ಮಾಡಿದರೆ ಬಟನ್ ಒತ್ತಿದ್ದಕ್ಕೂ ಪರದೆಯಲ್ಲಿ ಕಾಣುವುದಕ್ಕೂ ತಾಳೆ ತಪ್ಪುತ್ತದೆ. ಇದೇ ಲ್ಯಾಗ್. ಚಿತ್ರ ಸ್ವಲ್ಪ ಮಸುಕಾದರೆ ಆಡಬಹುದು, ಲ್ಯಾಗ್ ಇದ್ದರೆ ಆಟವೇ ಕೆಡುತ್ತೆ.

ಮೊದಲು ಕನ್ಸೋಲ್‌ನ ಬೆನ್ನು ನೋಡಿ

ಅನಲಾಗ್ ಸಿಗ್ನಲ್‌ಗಳಲ್ಲಿ ಮೆಟ್ಟಿಲುಗಳಿವೆ. ಎಲ್ಲಕ್ಕಿಂತ ಕೆಳಗಿನದ್ದು ಆ್ಯಂಟೆನಾ ತೂತಿಗೆ ಹಾಕುವ ಆರ್‌ಎಫ್. ಅದರ ಮೇಲೆ ಹಳದಿ ಪಿನ್ನಿನ ಕಾಂಪೋಸಿಟ್. ಬಣ್ಣ, ಬೆಳಕು ಎಲ್ಲವನ್ನೂ ಒಂದೇ ತಂತಿಯಲ್ಲಿ ತುರುಕುವುದರಿಂದ ಬಣ್ಣ ಹರಡುತ್ತದೆ. ಎಸ್-ವಿಡಿಯೋದಲ್ಲಿ ಬಣ್ಣ ಮತ್ತು ಬೆಳಕು ಬೇರೆ ಬೇರೆ ತಂತಿ. ಎಲ್ಲಕ್ಕಿಂತ ಮೇಲೆ ಆರ್‌ಜಿಬಿ ಮತ್ತು ಕೆಂಪು-ಹಸಿರು-ನೀಲಿ ಪಿನ್ನಿನ ಕಾಂಪೊನೆಂಟ್.

ಯಾವ ಕನ್ಸೋಲ್‌ನಲ್ಲಿ ಏನು ಸಿಗುತ್ತೆ ಅನ್ನುವುದು ಹೀಗಿದೆ:

- ಮೊದಲ ಫ್ಯಾಮಿಕಾಂ: ಆರ್‌ಎಫ್ ಮಾತ್ರ. ನಿಂಟೆಂಡೊ ಎನ್‌ಇಎಸ್: ಆರ್‌ಎಫ್, ಕಾಂಪೋಸಿಟ್. ತೊಂಬತ್ತರ ದಶಕದಲ್ಲಿ ನಮ್ಮೂರ ಅಂಗಡಿಗಳಲ್ಲಿ ಸಿಗುತ್ತಿದ್ದ ಹಳದಿ ಕ್ಯಾಸೆಟ್ಟಿನ ಟಿವಿ ಗೇಮ್‌ಗಳು ಫ್ಯಾಮಿಕಾಂನ ನಕಲು. ಅವುಗಳದ್ದೂ ಇದೇ ಕತೆ.
- ಸೆಗಾ ಮೆಗಾ ಡ್ರೈವ್: ಕಾಂಪೋಸಿಟ್, ಆರ್‌ಜಿಬಿ. ಎಸ್-ವಿಡಿಯೋ ಇಲ್ಲ.
- ನಿಂಟೆಂಡೊ 64: ಕಾಂಪೋಸಿಟ್, ಎಸ್-ವಿಡಿಯೋ. ಒಳಗೆ ಬದಲಾವಣೆ ಮಾಡದೆ ಆರ್‌ಜಿಬಿ ಸಿಗಲ್ಲ.
- ಮೊದಲ ಪ್ಲೇಸ್ಟೇಷನ್: ಕಾಂಪೋಸಿಟ್, ಎಸ್-ವಿಡಿಯೋ, ಆರ್‌ಜಿಬಿ.
- ಪ್ಲೇಸ್ಟೇಷನ್ 2: ಮೇಲಿನ ಮೂರರ ಜೊತೆ ಕಾಂಪೊನೆಂಟ್. ಆದರೆ ಇದರ ಹೆಚ್ಚಿನ ಆಟಗಳು 240ಪಿ ಅಲ್ಲ, ನಿಜವಾದ 480ಐ.
- ಸೆಗಾ ಡ್ರೀಮ್‌ಕಾಸ್ಟ್: ಹೆಚ್ಚಿನ ಆಟಗಳು ವಿಜಿಎ ಮೂಲಕ 480ಪಿ.

ಕೇಬಲ್‌ನಲ್ಲೇ ಕಳೆದುಹೋದ ವಿವರವನ್ನು ಯಾವ ಅಪ್‌ಸ್ಕೇಲರ್ ಕೂಡ ವಾಪಸ್ ತರಲ್ಲ. ಹಳದಿ ಪಿನ್ ಮಾತ್ರ ಇರುವ ನಕಲಿ ಟಿವಿ ಗೇಮ್‌ಗೆ ಸಾವಿರಾರು ದಿರ್ಹಮ್‌ನ ಪೆಟ್ಟಿಗೆ ಹಾಕುವುದರಲ್ಲಿ ಅರ್ಥವಿಲ್ಲ. ಅದೇ ಪ್ಲೇಸ್ಟೇಷನ್‌ಗೆ ಹಳದಿ ತೆಗೆದು ಒಳ್ಳೆಯ ಆರ್‌ಜಿಬಿ ಕೇಬಲ್ ಹಾಕಿದರೆ, ಅಪ್‌ಸ್ಕೇಲರ್ ಸಾಧಾರಣದ್ದಾದರೂ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

ಪೆಟ್ಟಿಗೆಗಳಲ್ಲಿ ಯಾವುದು ಏನು ಮಾಡುತ್ತದೆ?

ಅಗ್ಗದ ಎವಿ ಟು ಎಚ್‌ಡಿಎಂಐ: ಅಂಗೈಯಷ್ಟು ದೊಡ್ಡ ಬಿಳಿ ಅಥವಾ ಕಪ್ಪು ಪ್ಲಾಸ್ಟಿಕ್ ಡಬ್ಬಿ. ಎಲ್ಲ ಮೊಬೈಲ್ ಅಂಗಡಿಯಲ್ಲೂ ಸಿಗುತ್ತದೆ. ಟಿವಿ ಮಾಡುವ ತಪ್ಪನ್ನೇ ಇದೂ ಮಾಡುತ್ತದೆ, ಅಂದರೆ 240ಪಿಯನ್ನು 480ಐ ಅಂತಲೇ ಓದುತ್ತದೆ. 4:3 ಚಿತ್ರವನ್ನು 16:9ಕ್ಕೆ ಎಳೆದು ಕಳಿಸುತ್ತದೆ. ಹಳೆ ಮದುವೆ ಕ್ಯಾಸೆಟ್ ನೋಡಲು ಸಾಕು, ಗೇಮ್‌ಗೆ ಬೇಡ. ಟಿವಿಯಲ್ಲಿ ಹಳದಿ ಪಿನ್ನಿನ ಜಾಗ ಇಲ್ಲವೇ ಇಲ್ಲ, ಬೇರೆ ದಾರಿಯೂ ಇಲ್ಲ ಅಂದಾಗ ಮಾತ್ರ ಯೋಚಿಸಬಹುದು.

ರೆಟ್ರೋಟಿಂಕ್ 2ಎಕ್ಸ್: ಮೈಕ್ ಚೀ ರೂಪಿಸಿದ ರೆಟ್ರೋಟಿಂಕ್ ಸರಣಿಯ ಸಣ್ಣ ಪೆಟ್ಟಿಗೆ. 240ಪಿಯ ಪ್ರತಿ ಗೆರೆಯನ್ನು ಎರಡು ಮಾಡಿ 480ಪಿ ಆಗಿ ಕಳಿಸುತ್ತದೆ. ಇಡೀ ಚಿತ್ರ ಬರುವ ತನಕ ಕಾಯುವುದಿಲ್ಲ, ಹಾಗಾಗಿ ಲ್ಯಾಗ್ ಇಲ್ಲ ಅಂದರೂ ನಡೆಯುತ್ತದೆ. ಮಿನಿ ಮಾದರಿ ಕಾಂಪೋಸಿಟ್, ಎಸ್-ವಿಡಿಯೋ ತೆಗೆದುಕೊಳ್ಳುತ್ತದೆ, ಪ್ರೋ ಮಾದರಿಯಲ್ಲಿ ಕಾಂಪೊನೆಂಟ್ ಕೂಡ ಇದೆ. ಸೆಟ್ಟಿಂಗ್ ತಲೆನೋವಿಲ್ಲ. 480ಪಿಯಿಂದ 4ಕೆಗೆ ದೊಡ್ಡದು ಮಾಡುವ ಉಳಿದ ಕೆಲಸ ಟಿವಿಯದ್ದೇ, ಹಾಗಾಗಿ ಅಂಚುಗಳು ತುಸು ಮೆತ್ತಗೆ ಕಾಣುತ್ತವೆ.

ಒಎಸ್‌ಎಸ್‌ಸಿ: ಓಪನ್ ಸೋರ್ಸ್ ಸ್ಕ್ಯಾನ್ ಕನ್ವರ್ಟರ್. ವಿನ್ಯಾಸ ಎಲ್ಲರಿಗೂ ಮುಕ್ತ. ಗೆರೆಗಳನ್ನು ಎರಡರಿಂದ ಐದು ಪಟ್ಟು ಮಾಡುತ್ತದೆ, ಲ್ಯಾಗ್ ಇಲ್ಲವೆಂದೇ ಹೇಳಬಹುದು. ಸ್ಕಾರ್ಟ್ ಆರ್‌ಜಿಬಿ, ಕಾಂಪೊನೆಂಟ್, ವಿಜಿಎ ಜಾಗಗಳಿವೆ. ಕಾಂಪೋಸಿಟ್, ಎಸ್-ವಿಡಿಯೋ ಇಲ್ಲ. ಕೊಳ್ಳುವವರು ಎಡವುವುದು ಇಲ್ಲೇ. ಇನ್ನೊಂದು ತೊಡಕೂ ಇದೆ: ಕನ್ಸೋಲ್‌ನ ವೇಗವನ್ನು ಹಾಗೇ ಟಿವಿಗೆ ದಾಟಿಸುತ್ತದೆ. ಸೂಪರ್ ನಿಂಟೆಂಡೊ ಓಡುವುದು ಸರಿಯಾಗಿ 60ಕ್ಕಲ್ಲ, ಸುಮಾರು 60.09 ಹರ್ಟ್ಸ್‌ಗೆ. ಹಟಮಾರಿ ಟಿವಿಗಳು ಇದನ್ನು ಒಪ್ಪದೆ 'ನೋ ಸಿಗ್ನಲ್' ಅನ್ನುತ್ತವೆ. 480ಐ ಆಟಗಳಲ್ಲಿ ಚಿತ್ರ ನಡುಗುವುದರಿಂದ ಪ್ಲೇಸ್ಟೇಷನ್ 2ಕ್ಕೆ ಇದು ಮೊದಲ ಆಯ್ಕೆಯಲ್ಲ.

ಜಿಬಿಎಸ್-ಕಂಟ್ರೋಲ್: ಆರ್ಕೇಡ್ ಮಿಷನ್‌ಗಳಿಗಾಗಿ ಬಂದ ಅಗ್ಗದ ಜಿಬಿಎಸ್-8200 ಬೋರ್ಡಿಗೆ ಒಂದು ಸಣ್ಣ ವೈಫೈ ಚಿಪ್ ಸೇರಿಸಿ, ಉಚಿತ ಸಾಫ್ಟ್‌ವೇರ್ ಹಾಕಿ ಮಾಡುವಂಥದ್ದು. ಆರ್‌ಜಿಬಿ, ಕಾಂಪೊನೆಂಟ್‌ಗೆ ಒಳ್ಳೆಯದು. 480ಐ ಕೂಡ ಚೆನ್ನಾಗಿ ನಿಭಾಯಿಸುತ್ತದೆ. ಹೊರಗೆ ಬರುವುದು ವಿಜಿಎ, ಹಾಗಾಗಿ ಎಚ್‌ಡಿಎಂಐಗೆ ಬದಲಿಸುವ ಇನ್ನೊಂದು ತುಂಡು ಬೇಕು. ಬೆಸುಗೆ ಹಾಕಲು ಬರುವವರಿಗೆ ಇದಕ್ಕಿಂತ ಅಗ್ಗದ ಒಳ್ಳೆಯ ದಾರಿ ಸಿಗುವುದು ಕಷ್ಟ.

ರೆಟ್ರೋಟಿಂಕ್ 5ಎಕ್ಸ್ ಪ್ರೋ: 2021ರಲ್ಲಿ ಬಂತು. ಸ್ಕಾರ್ಟ್, ಕಾಂಪೊನೆಂಟ್, ಎಸ್-ವಿಡಿಯೋ, ಕಾಂಪೋಸಿಟ್ ನಾಲ್ಕೂ ಒಂದೇ ಪೆಟ್ಟಿಗೆಯಲ್ಲಿ. 1080ಪಿ, 1440ಪಿ ಕೊಡುತ್ತದೆ. ಚಲನೆ ಇರುವ ಜಾಗ, ಇಲ್ಲದ ಜಾಗ ಗುರುತಿಸಿ 480ಐ ಸರಿಪಡಿಸುವುದರಿಂದ ಪ್ಲೇಸ್ಟೇಷನ್ 2ಕ್ಕೆ ಹೇಳಿ ಮಾಡಿಸಿದ ಹಾಗಿದೆ. ಮೂರು ನಾಲ್ಕು ಕನ್ಸೋಲ್ ಇಟ್ಟುಕೊಂಡವರಿಗೆ ಇಲ್ಲಿಗೆ ಸಾಕು.

ರೆಟ್ರೋಟಿಂಕ್ 4ಕೆ: 2023ರ ಕೊನೆಗೆ 750 ಡಾಲರ್ ಬೆಲೆಗೆ, ಅಂದರೆ ಸುಮಾರು 2,750 ದಿರ್ಹಮ್‌ಗೆ ಬಂದದ್ದು. 2160ನ್ನು 240ರಿಂದ ಭಾಗಿಸಿದರೆ ಸರಿಯಾಗಿ 9. ಪ್ರತಿ ಗೆರೆಯೂ ಸಮನಾಗಿ ಒಂಬತ್ತು ಪಟ್ಟಾಗುವುದರಿಂದ ಚಿತ್ರ ಅಚ್ಚುಕಟ್ಟು. 1080ರಲ್ಲಿ ಇದೇ ಲೆಕ್ಕ ನಾಲ್ಕೂವರೆ ಬರುತ್ತದೆ, ಹಾಗಾಗಿ ಒಂದೋ ಸುತ್ತ ಕಪ್ಪು ಅಂಚು ಬಿಡಬೇಕು, ಇಲ್ಲವೇ ಮೇಲೆ ಕೆಳಗೆ ಸ್ವಲ್ಪ ಕತ್ತರಿಸಬೇಕು. ಹಳೆ ಪಿಕ್ಚರ್ ಟ್ಯೂಬಿನ ನೋಟವನ್ನೂ ಇದು ಅನುಕರಿಸುತ್ತದೆ. 32 ಇಂಚಿನ ಸಾದಾ ಟಿವಿ ಇರುವವರಿಗೆ ಇದು ದುಡ್ಡು ಸುರಿದಂತೆ.

ಜಪಾನಿನ ಮೈಕಾಮ್‌ಸಾಫ್ಟ್ ಕಂಪನಿಯ ಫ್ರೇಮ್‌ಮೈಸ್ಟರ್ ಒಂದು ಕಾಲದಲ್ಲಿ ಎಲ್ಲರ ಕನಸಾಗಿತ್ತು. ಈಗ ತಯಾರಿ ನಿಂತಿದೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಹೆಚ್ಚು ಬೆಲೆ ಕೊಟ್ಟು ಕೊಳ್ಳುವ ಅಗತ್ಯ ಉಳಿದಿಲ್ಲ.

50 ಹರ್ಟ್ಸ್, 60 ಹರ್ಟ್ಸ್ ಗೊಂದಲ

ಭಾರತದಲ್ಲೂ ಯುಎಇಯಲ್ಲೂ ಇದ್ದದ್ದು ಪಾಲ್ ಪದ್ಧತಿ, ಅಂದರೆ ಸೆಕೆಂಡಿಗೆ 50 ಚಿತ್ರ. ಜಪಾನ್, ಅಮೆರಿಕದ ಕನ್ಸೋಲ್‌ಗಳು 60ರವು. 60ಕ್ಕಾಗಿ ಬರೆದ ಆಟವನ್ನು ಬದಲಿಸದೆ 50ರಲ್ಲಿ ಓಡಿಸಿದರೆ ಸುಮಾರು ಶೇ. 17ರಷ್ಟು ನಿಧಾನ ಆಗುತ್ತದೆ, ಹಾಡೂ ಎಳೆಯುತ್ತದೆ. ಪಾಲ್ ಮೆಗಾ ಡ್ರೈವ್‌ನಲ್ಲಿ ಸೋನಿಕ್ ನಿಧಾನ ಅನ್ನಿಸಿದರೆ ಅದು ಅಪ್‌ಸ್ಕೇಲರ್ ದೋಷವಲ್ಲ, ಯಾವ ಪೆಟ್ಟಿಗೆಯೂ ಅದನ್ನು ಸರಿಮಾಡದು. ಪಾಲ್ ಪ್ಲೇಸ್ಟೇಷನ್ 2ರ ಹಲವು ಆಟಗಳು ಶುರುವಿನಲ್ಲಿ 60 ಹರ್ಟ್ಸ್ ಆಯ್ಕೆ ಕೊಡುತ್ತವೆ. ಅದನ್ನೇ ಒತ್ತಬೇಕು.

ಕರೆಂಟು, ಕೇಬಲ್: ಇಲ್ಲಿ ತಪ್ಪಿದರೆ ಸುಡುತ್ತದೆ

ಜಪಾನಿನ ಕರೆಂಟು 100 ವೋಲ್ಟ್, ಅಮೆರಿಕದ್ದು 120. ಗಲ್ಫ್ ಮತ್ತು ಭಾರತದಲ್ಲಿ 220ರಿಂದ 240. ಅಲ್ಲಿಂದ ತರಿಸಿದ ಕನ್ಸೋಲ್‌ನ ಮೂಲ ಅಡಾಪ್ಟರನ್ನು ಪ್ಲಗ್ ಮಾತ್ರ ಬದಲಿಸಿ ಇಲ್ಲಿನ ಗೋಡೆಗೆ ಹಾಕಿದರೆ ಒಂದೇ ಏಟಿಗೆ ಹೋಗುತ್ತದೆ. ಅಡಾಪ್ಟರ್ ಮೇಲೆ '100-240ವಿ' ಅಂತ ಬರೆದಿದ್ದರೆ ಮಾತ್ರ ನೇರ ಹಾಕಬಹುದು. ಇಲ್ಲವಾದರೆ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಬೇರೆ ಅಡಾಪ್ಟರ್ ಕೊಳ್ಳುವುದಾದರೆ ವೋಲ್ಟೇಜ್ ಜೊತೆ ಪಿನ್ನಿನ ಪ್ಲಸ್-ಮೈನಸ್ ಕೂಡ ನೋಡಬೇಕು. ಹಳೆ ನಿಂಟೆಂಡೊ, ಸೆಗಾಗಳಲ್ಲಿ ಹಲವಕ್ಕೆ ನಡುವಿನ ಪಿನ್ ಮೈನಸ್.

ಸ್ಕಾರ್ಟ್ ಕೇಬಲ್‌ನಲ್ಲೂ ಎರಡು ಬಗೆ. ಯುರೋಪಿನ ಸ್ಕಾರ್ಟ್ ಮತ್ತು ಜಪಾನಿನ 21 ಪಿನ್ ಆರ್‌ಜಿಬಿ ನೋಡಲು ಒಂದೇ ಥರ, ಒಳಗಿನ ತಂತಿ ಜೋಡಣೆ ಬೇರೆ. ಅದಲು ಬದಲಾದರೆ ಪೆಟ್ಟಿಗೆಗೆ ಅಪಾಯ. ಸೂಪರ್ ನಿಂಟೆಂಡೊಗೆ ಪಾಲ್ ಮಾದರಿಗೊಂದು, ಅಮೆರಿಕ-ಜಪಾನ್ ಮಾದರಿಗೊಂದು ಬೇರೆ ಕೇಬಲ್. ಕೊಳ್ಳುವಾಗ ಕನ್ಸೋಲ್‌ನ ಮಾದರಿ ಮತ್ತು ದೇಶ ಎರಡನ್ನೂ ಅಂಗಡಿಯವರಿಗೆ ಹೇಳಬೇಕು.

ಹೊಸದು ಕೊಳ್ಳುವ ಮುನ್ನ

ಟಿವಿಯಲ್ಲಿ ಗೇಮ್ ಮೋಡ್ ಹಾಕಿ, ಚಿತ್ರ ನಯ ಮಾಡುವ ಮೋಷನ್ ಸೆಟ್ಟಿಂಗ್‌ಗಳನ್ನೆಲ್ಲ ಆಫ್ ಮಾಡಿ, ಅಳತೆಯನ್ನು 4:3ಕ್ಕೆ ಇಟ್ಟು ಒಮ್ಮೆ ಆಡಿ ನೋಡಬೇಕು. ಇದಕ್ಕೆ ಒಂದು ಫಿಲ್ಸ್ ಖರ್ಚೂ ಇಲ್ಲ. ಕೆಲವರಿಗೆ ಇಷ್ಟರಲ್ಲೇ ಸಮಾಧಾನ ಆಗುತ್ತದೆ.

ಇದಾದ ಮೇಲೂ ಬೇಕು ಅನ್ನಿಸಿದರೆ ಲೆಕ್ಕ ಸರಳ. ಎನ್‌ಇಎಸ್ ಅಥವಾ ನಿಂಟೆಂಡೊ 64 ಒಂದೇ ಇದ್ದರೆ ರೆಟ್ರೋಟಿಂಕ್ 2ಎಕ್ಸ್. ಮೆಗಾ ಡ್ರೈವ್ ಅಥವಾ ಮೊದಲ ಪ್ಲೇಸ್ಟೇಷನ್‌ಗೆ ಆರ್‌ಜಿಬಿ ಕೇಬಲ್ ಜೊತೆ ಒಎಸ್‌ಎಸ್‌ಸಿ, ಕೈಕೆಲಸ ಗೊತ್ತಿದ್ದರೆ ಜಿಬಿಎಸ್-ಕಂಟ್ರೋಲ್. ಪ್ಲೇಸ್ಟೇಷನ್ 2 ಇದ್ದರೆ, ಅಥವಾ ಹಲವು ಕನ್ಸೋಲ್ ಇದ್ದರೆ 5ಎಕ್ಸ್. ದೊಡ್ಡ 4ಕೆ ಟಿವಿ, ಒಳ್ಳೆಯ ಸಂಗ್ರಹ, ಜೊತೆಗೆ ಬಜೆಟ್ಟೂ ಇದ್ದವರಿಗೆ 4ಕೆ.

ಒಂದು ಮಾತು ಮೊದಲೇ ತಿಳಿದಿರಲಿ. ಬಾತುಕೋಳಿ ಹೊಡೆಯುವ ಹಳೆ ಗನ್ ಆಟ ಯಾವ ಅಪ್‌ಸ್ಕೇಲರ್ ಹಾಕಿದರೂ ಹೊಸ ಟಿವಿಯಲ್ಲಿ ನಡೆಯಲ್ಲ. ಆ ಗನ್ ಕೆಲಸ ಮಾಡುವುದು ಪಿಕ್ಚರ್ ಟ್ಯೂಬಿನ ಬೆಳಕನ್ನು ನೆಚ್ಚಿಕೊಂಡು. ಊರಿನ ಮನೆಯಲ್ಲಿ ಹಳೆ ಡಬ್ಬಿ ಟಿವಿ ಇನ್ನೂ ಇದ್ದು ಕೆಲಸ ಮಾಡುತ್ತಿದ್ದರೆ ಗುಜರಿಗೆ ಹಾಕದಂತೆ ಮನೆಯವರಿಗೆ ಹೇಳಿಡುವುದು ಒಳ್ಳೆಯದು. ಹಳೆ ಕನ್ಸೋಲ್‌ಗೆ ಅದರಲ್ಲಿ ಅಪ್‌ಸ್ಕೇಲರೂ ಬೇಡ, ಲ್ಯಾಗಿನ ಚಿಂತೆಯೂ ಇಲ್ಲ.